ಪೆಂಟಾಕ್ಸ್ ಕೆ1000ಕ್ಕೆ ಈಗ ಯಾವ ಫ್ಲಾಶ್ ತಗೊಳ್ಳೋದು? ಮುಚ್ಚಿಗೆ ಮನೆಯೊಳಗೆ ಫೋಟೊ ತೆಗೀಬೇಕು

ಹೊಸನಗರ_ರೋಲು

ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ ಪೆಂಟಾಕ್ಸ್ ಕೆ1000 ಈಗ ನನ್ನ ಹತ್ತಿರ ಇದೆ, ಅದರ ಜೊತೆ ಬಂದ 50 ಎಂಎಂ ಎಫ್ 2 ಲೆನ್ಸೂ ಇದೆ. ಕ್ಯಾಮೆರಾ ಗಟ್ಟಿಮುಟ್ಟಾಗಿದೆ. ಲೆನ್ಸಿನ ಅಂಚಲ್ಲಿ ಸ್ವಲ್ಪ ಫಂಗಸ್ ಇತ್ತು, ನಮ್ಮ ಕಡೆ ಮಳೆಗೆ ಅದು ಬರದೇ ಇದ್ದರೇ ಆಶ್ಚರ್ಯ, ಕ್ಲೀನ್ ಮಾಡಿಸಿದ್ದೇನೆ. ಹಗಲು ಹೊತ್ತಲ್ಲಿ ತೋಟದಲ್ಲಿ, ಅಂಗಳದಲ್ಲಿ ತೆಗೆದ ರೋಲುಗಳೆಲ್ಲ ಚೆನ್ನಾಗಿ ಬಂದಿವೆ.

ತೊಂದರೆ ಇರೋದು ಫ್ಲಾಶಿನದ್ದು. ದೊಡ್ಡಪ್ಪನ ಹಳೇ ಫ್ಲಾಶ್ ಟ್ರಂಕಿನಲ್ಲಿ ಸೆಲ್ ಸಮೇತ ವರ್ಷಗಟ್ಟಲೆ ಇತ್ತು. ಸೆಲ್ ಸೋರಿ ಸ್ಪ್ರಿಂಗುಗಳೆಲ್ಲ ಹಸಿರುಗಟ್ಟಿದ್ದವು. ನಿಂಬೆರಸ ಹಾಕಿ ಉಜ್ಜಿ, ಸ್ಪಿರಿಟಿನಲ್ಲಿ ಒರೆಸಿ, ಹೊಸ ಸೆಲ್ ಹಾಕಿದ ಮೇಲೆ ಕುಂಯ್ ಅಂತ ಸಣ್ಣ ಸದ್ದು ಬರುತ್ತೆ, ಆದರೆ ಕೆಂಪು ದೀಪ ಹತ್ತೋದೇ ಇಲ್ಲ. ಕಾಲು ಗಂಟೆ ಬಿಟ್ಟು ನೋಡಿದರೂ ಅಷ್ಟೇ. ಅದನ್ನು ಬಿಟ್ಟು ಬೇರೆ ತಗೊಳ್ಳೋಣ ಅಂತ ಇದ್ದೇನೆ.

ದೀಪಾವಳಿ ಕಳೆದ ಮೇಲೆ ಅಜ್ಜಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಇಟ್ಟುಕೊಂಡಿದ್ದೇವೆ. ವಿಡಿಯೊ, ಡಿಜಿಟಲ್ ಫೋಟೊ ಎಲ್ಲದಕ್ಕೂ ಬೇರೆಯವರು ಬರುತ್ತಾರೆ, ಅದರ ಚಿಂತೆ ನನಗಿಲ್ಲ. ಅಜ್ಜಿ, ಅವಳ ತಂಗಿಯರು, ನಡುಮನೆಯಲ್ಲಿ ಒಟ್ಟಿಗೆ ಕೂತು ಮಾತಾಡುವಾಗಿನ ಒಂದಷ್ಟು ಫೋಟೊ ಮಾತ್ರ ನನಗೆ ಫಿಲ್ಮಿನಲ್ಲೇ ಬೇಕು. ಇವರೆಲ್ಲ ಒಂದೇ ಮನೆಯಲ್ಲಿ ಸೇರೋದು ಇನ್ನು ಯಾವಾಗಲೋ ಗೊತ್ತಿಲ್ಲ. ಮನೆ ಹಂಚಿನದು, ಮೇಲೆ ಮರದ ಮುಚ್ಚಿಗೆ, ಕಿಟಕಿಗಳು ಸಣ್ಣವು, ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ಲೈಟ್ ಹಾಕಬೇಕು. ಫ್ಲಾಶ್ ಇಲ್ಲದೆ ಆಗಲ್ಲ.

ಪೆಂಟಾಕ್ಸ್ ಕ್ಯಾಮೆರಾಕ್ಕೆ ಪೆಂಟಾಕ್ಸ್ ಫ್ಲಾಶೇ ಬೇಕಾ, ಅಥವಾ ಈಗ ಸಿಗುವ ಡಿಜಿಟಲ್ ಫ್ಲಾಶ್ ಕೂತುಕೊಳ್ಳುತ್ತಾ? ಒಂದು ಅಂಗಡಿಯಲ್ಲಿ ಕೇಳಿದರೆ ಹೊಸ ಫ್ಲಾಶ್ ಹಾಕಿದರೆ ಹಳೇ ಕ್ಯಾಮೆರಾ ಸುಟ್ಟುಹೋಗುತ್ತೆ ಅಂದರು, ಇನ್ನೊಬ್ಬರು ಅದರ ಉಲ್ಟಾ ಹೇಳಿದರು. ತಂಗಿಯ ಹತ್ತಿರ ಡಿಜಿಟಲ್ ಎಸ್ಎಲ್ಆರ್ ಇದೆ, ಅದಕ್ಕೂ ಇದೇ ಫ್ಲಾಶ್ ಆದರೆ ಒಳ್ಳೇದು. ಏಳೆಂಟು ಸಾವಿರದವರೆಗೂ ಹಾಕಬಲ್ಲೆ. ಮಳೆ ಮುಗಿದ ಮೇಲೆ ಯಕ್ಷಗಾನ ಶುರುವಾಗುತ್ತಲ್ಲ, ಅಲ್ಲಿಗೂ ಬಳಸಬಹುದಾ ಅಂತಲೂ ತಿಳಿಸಿ.

ದುರ್ಗಿಗುಡಿ_ಸ್ಟುಡಿಯೊ

ಮೊದಲು ಭಯ ಬಿಡಿ. ಕೆ1000 ಅಂದರೆ 1976ರಿಂದ 1997ರವರೆಗೆ ಹೆಚ್ಚು ಬದಲಾವಣೆ ಇಲ್ಲದೆ ಬಂದ ಕ್ಯಾಮೆರಾ, ಪೂರ್ತಿ ಮೆಕ್ಯಾನಿಕಲ್, ಸೆಲ್ ಬೇಕಾಗೋದು ಮೀಟರಿಗೆ ಮಾತ್ರ. ಅದರ ಹಾಟ್ ಶೂ, ಅಂದರೆ ಫ್ಲಾಶ್ ಕೂರಿಸುವ ಜಾಗ, ನೋಡಿ, ನಡುವೆ ಒಂದೇ ಒಂದು ಕಾಂಟ್ಯಾಕ್ಟ್ ಇದೆ. ಫ್ಲಾಶಿಗೆ ಅದು ಹೇಳೋದು ಒಂದೇ ಮಾತು: ಈಗ ಹೊಡಿ. ಅಪರ್ಚರ್ (ಲೆನ್ಸಿನ ಕಿಂಡಿ) ಎಷ್ಟು, ಫಿಲ್ಮ್ ಎಷ್ಟು ಸ್ಪೀಡಿನದು, ಏನೂ ಹೇಳಲ್ಲ. ಹಾಗಾಗಿ ನಡುವೆ ಪಿನ್ ಇರುವ ಯಾವ ಕಂಪನಿಯ ಫ್ಲಾಶ್ ಆದರೂ ನಡೆಯುತ್ತೆ. ನಿಕಾನ್, ಕ್ಯಾನನ್ ಫ್ಲಾಶಿನ ಉಳಿದ ಪಿನ್ನುಗಳು ಸುಮ್ನೆ ಶೂ ಮೇಲೆ ಕೂತಿರುತ್ತವೆ, ಅವುಗಳಿಗೆ ಇಲ್ಲಿ ಕೆಲಸ ಇಲ್ಲ. ಹಳೇ ಮಿನೋಲ್ಟಾ ಆಟೋಫೋಕಸ್ ಕ್ಯಾಮೆರಾಗಳ ಮತ್ತು ಹಳೇ ಸೋನಿಯ ಫ್ಲಾಶ್ ಮಾತ್ರ ಬೇಡ, ಅವುಗಳ ಶೂ ಆಕಾರವೇ ಬೇರೆ, ಕೂರೋದೇ ಇಲ್ಲ.

ಸುಡುವ ವಿಷಯ ಏನೆಂದರೆ, ತೊಂದರೆ ಹೊಸ ಫ್ಲಾಶಿಂದ ಹಳೇ ಕ್ಯಾಮೆರಾಕ್ಕಲ್ಲ, ಹಳೇ ಫ್ಲಾಶಿಂದ ಹೊಸ ಕ್ಯಾಮೆರಾಕ್ಕೆ. ಎಪ್ಪತ್ತರ ದಶಕದ ಎಷ್ಟೋ ಫ್ಲಾಶುಗಳಲ್ಲಿ ಟ್ರಿಗರ್ ವೋಲ್ಟೇಜ್, ಅಂದರೆ ಕ್ಯಾಮೆರಾದ ಸ್ವಿಚ್ ಮೇಲೆ ಬೀಳುವ ವೋಲ್ಟೇಜ್, 200 ವೋಲ್ಟಿಗಿಂತ ಜಾಸ್ತಿ ಇರುತ್ತೆ. ಜಪಾನಿನಲ್ಲಿ ಮಾಡಿದ ಮೊದಮೊದಲ ವಿವಿಟಾರ್ 283 ಅದಕ್ಕೇ ಹೆಸರುವಾಸಿ. ಕೆ1000ದ ಒಳಗೆ ಇರೋದು ಲೋಹದ ಎರಡು ಎಲೆ ತಾಗಿ ಬಿಡುವ ಸ್ವಿಚ್, ಅದು ಇಂಥ ವೋಲ್ಟೇಜಿಗೆ ಅಂತಲೇ ಮಾಡಿದ್ದು, ತಡೆದುಕೊಳ್ಳುತ್ತೆ. ತಂಗಿಯ ಡಿಜಿಟಲ್ ಕ್ಯಾಮೆರಾದ ಒಳಗೆ ಇರೋದು ಎಲೆಕ್ಟ್ರಾನಿಕ್ ಸ್ವಿಚ್. ಅದು ತಡೆಯುತ್ತೋ ಇಲ್ಲವೋ ಅಂತ ಅವರ ಕೈಪಿಡಿ ನೋಡಬೇಕು.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅಳೆದೇ ತಗೊಳ್ಳಿ. ಫ್ಲಾಶ್ ಆನ್ ಮಾಡಿ ರೆಡಿ ದೀಪ ಹತ್ತೋವರೆಗೆ ಬಿಡಿ. ಮಲ್ಟಿಮೀಟರನ್ನು ಡಿಸಿ 600 ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಕಾಲಿನ ನಡುವಿನ ಪಿನ್ನಿಗೆ, ಇನ್ನೊಂದು ಕಾಲಿನ ಪಕ್ಕದ ಲೋಹದ ಪಟ್ಟಿಗೆ ಮುಟ್ಟಿಸಿ. ಹತ್ತು ವೋಲ್ಟಿನ ಒಳಗೆ ತೋರಿಸಿದರೆ ಎರಡೂ ಕ್ಯಾಮೆರಾಕ್ಕೆ ಧೈರ್ಯವಾಗಿ ಹಾಕಿ. ನೂರು ದಾಟಿದರೆ ಕೆ1000ಕ್ಕೆ ಮಾತ್ರ. ಹಿಂದುಮುಂದು ಮುಟ್ಟಿಸಿದರೆ ಮೈನಸ್ ತೋರಿಸುತ್ತೆ ಅಷ್ಟೇ, ಗಾಬರಿ ಬೇಡ.

ಇನ್ನೊಂದು ಮುಖ್ಯ ವಿಷಯ ಸಿಂಕ್, ಅಂದರೆ ಶಟರ್ ಪೂರ್ತಿ ತೆರೆದ ಹೊತ್ತಿಗೇ ಫ್ಲಾಶ್ ಹೊಡೆಯೋದು. ಕೆ1000ದ ಶಟರ್ ಬಟ್ಟೆಯದು, ಅಡ್ಡಕ್ಕೆ ಓಡುತ್ತೆ. ಇಡೀ ಫ್ರೇಮ್ ಒಟ್ಟಿಗೆ ತೆರೆದಿರೋದು 1/60 ಮತ್ತು ಅದಕ್ಕಿಂತ ನಿಧಾನ ಸ್ಪೀಡಿನಲ್ಲಿ ಮಾತ್ರ, ಡಯಲಿನಲ್ಲಿ 60ರ ಹತ್ತಿರ ಎಕ್ಸ್ ಗುರುತು ಇದೆ ನೋಡಿ. 125ಕ್ಕೆ ಇಟ್ಟು ಹೊಡೆದರೆ ಫೋಟೊದ ಒಂದು ಪಕ್ಕ ಕಪ್ಪು ಪಟ್ಟಿ ಬರುತ್ತೆ.

ಇದನ್ನು ಫಿಲ್ಮ್ ಇಲ್ಲದೆ ಕಣ್ಣಲ್ಲೇ ನೋಡಬಹುದು. ಯಾರದ್ದಾದರೂ ಫ್ಲಾಶ್ ಕೇಳಿ ತಗೊಂಡು ಶೂಗೆ ಹಾಕಿ. ರೋಲು ಇಲ್ಲದಾಗ ಹಿಂದಿನ ಬಾಗಿಲು ತೆರೆಯಿರಿ. ಲೆನ್ಸನ್ನು ಪೂರ್ತಿ ತೆರೆದು ಎಫ್ 2ಕ್ಕೆ ಇಟ್ಟು, ಮಬ್ಬು ಕೋಣೆಯಲ್ಲಿ ಬಿಳಿ ಗೋಡೆಗೆ ಹಿಡಿದು, ಹಿಂದಿನಿಂದ ಶಟರನ್ನೇ ನೋಡುತ್ತಾ 60ರಲ್ಲಿ ಹೊಡೆಯಿರಿ. ಆಯತ ಪೂರ್ತಿ ಬೆಳಗಿದರೆ ಸಿಂಕ್ ಸರಿ ಇದೆ. 125ಕ್ಕೆ ತಿರುಗಿಸಿ ಹೊಡೆದರೆ ಒಂದು ಪಕ್ಕ ಪರದೆ ಅಡ್ಡ ಬಂದಿರೋದು ಕಾಣುತ್ತೆ. ಪರದೆಗೆ ಬೆರಳು ತಾಗಿಸಬೇಡಿ. ಹೊಡೆಯದೇ ಇದ್ದರೆ ಅಥವಾ ಒಮ್ಮೆ ಹೊಡೆದು ಒಮ್ಮೆ ಬಿಟ್ಟರೆ ಶೂ ನಡುವಿನ ಕಾಂಟ್ಯಾಕ್ಟನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮಲೆನಾಡಿನ ತೇವಕ್ಕೆ ಅಲ್ಲಿ ಮಾಸು ಕಟ್ಟಿರುತ್ತೆ.

ಯಾವುದು ತಗೊಳ್ಳಿ ಅಂದರೆ, ನನ್ನ ಅಭಿಪ್ರಾಯ ಸ್ಪಷ್ಟ. ಮೈ ಮೇಲೆ ಸಣ್ಣ ಕಣ್ಣು ಇರುವ ಆಟೊ ಫ್ಲಾಶ್ ತಗೊಳ್ಳಿ. ಫ್ಲಾಶ್ ಬೆಳಕು ಮುಖಕ್ಕೆ ಬಡಿದು ವಾಪಸ್ ಬರುತ್ತಲ್ಲ, ಅದನ್ನು ಆ ಕಣ್ಣು ಅಳೆದು, ಸಾಕಷ್ಟು ಆಯಿತು ಅಂದ ಕೂಡಲೇ ಫ್ಲಾಶನ್ನು ಕತ್ತರಿಸುತ್ತೆ, ಅದೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಮ್ಮಿ ಹೊತ್ತಲ್ಲಿ. ಕ್ಯಾಮೆರಾಕ್ಕೆ ಏನೂ ಗೊತ್ತಿರಬೇಕಾಗಿಲ್ಲ. ಫಿಲ್ಮ್ ಸ್ಪೀಡ್ ಫ್ಲಾಶಿಗೆ ಹೇಳಿ, ಅದು ಹೇಳಿದ ಅಪರ್ಚರ್ ಲೆನ್ಸಿಗೆ ಇಡಿ, ಆಮೇಲೆ ಜನರ ಮುಖ ನೋಡುತ್ತಾ ತೆಗೀತಾ ಹೋಗಿ. ರೋಲಿನ ಕಾಲದಲ್ಲಿ ಮದುವೆ ಮನೆಗಳನ್ನೆಲ್ಲ ಹೀಗೇ ತೆಗೆದದ್ದು. ಪೆಂಟಾಕ್ಸಿನದ್ದೇ ಎಎಫ್ 280ಟಿ ಸಿಕ್ಕರೆ ಒಳ್ಳೇದು, ನಿಕಾನ್ ಎಸ್‌ಬಿ-28 ಸಿಕ್ಕರೆ ಇನ್ನೂ ಒಳ್ಳೇದು.

ಕೊಪ್ಪ_ಕಪ್ಪುಬಿಳುಪು

ಸ್ಟುಡಿಯೊ ಸಾರ್ ಹೇಳಿದ್ದರಲ್ಲಿ ಸಿಂಕ್, ವೋಲ್ಟೇಜ್ ಎರಡೂ ನೂರಕ್ಕೆ ನೂರು ಸರಿ. ಆದರೆ ಹೊಸನಗರದವರೇ, ನೀವು ಫ್ಲಾಶ್ ಆರಿಸೋದಕ್ಕೆ ಮೊದಲು ನಿಮ್ಮ ಮನೆಯ ಮಾಡು ನೋಡಬೇಕು ಮಾರಾಯ್ರೆ.

ನೋಡಿ, ಎಲ್ಲಾ ಕಡೆ ಓದಿದರೂ ಒಂದೇ ಸಲಹೆ ಸಿಗುತ್ತೆ: ಫ್ಲಾಶ್ ನೇರ ಮುಖಕ್ಕೆ ಹೊಡೀಬೇಡಿ, ತಲೆ ಮೇಲೆತ್ತಿ ಸೀಲಿಂಗಿಗೆ ಹೊಡೆದು ಬೌನ್ಸ್ ಮಾಡಿ. ಅದು ಬಿಳಿ ಪೇಂಟ್ ಹೊಡೆದ ತಾರಸಿ ಇರುವವರಿಗೆ. ನಮ್ಮ ಮುಚ್ಚಿಗೆಯ ಹಲಗೆಗಳು ಹೊಗೆ ಹಿಡಿದು ಹಿಡಿದು ಕಾಫಿ ಬಣ್ಣಕ್ಕೆ, ಕೆಲವು ಮನೆಗಳಲ್ಲಿ ಪೂರ್ತಿ ಕಪ್ಪಿಗೆ ತಿರುಗಿರುತ್ತವೆ. ಅಲ್ಲಿಗೆ ಹೊಡೆದರೆ ಬೆಳಕನ್ನೆಲ್ಲ ಮರವೇ ಕುಡಿಯುತ್ತೆ. ವಾಪಸ್ ಬಂದ ಅಷ್ಟಿಷ್ಟು ಬೆಳಕೂ ಕಂದು ಬಣ್ಣದ್ದು, ಕಲರ್ ಫಿಲ್ಮಿನಲ್ಲಿ ಮುಖಗಳೆಲ್ಲ ಅರಿಶಿನ ಹಚ್ಚಿದ ಹಾಗೆ ಬರುತ್ತವೆ. ಮುಚ್ಚಿಗೆ ಇಲ್ಲದ ಜಗಲಿಯಲ್ಲಿ ನೇರ ಹಂಚು, ಅಲ್ಲಿಂದಲೂ ಏನೂ ಬರಲ್ಲ.

ಆದರೆ ಅದೇ ಮನೆಯಲ್ಲಿ ಗೋಡೆಗಳು ಸುಣ್ಣ ಹೊಡೆದು ಬೆಳ್ಳಗಿರುತ್ತವೆ ಅಲ್ವಾ? ಬೌನ್ಸ್ ಮಾಡಬೇಕಾದದ್ದು ಅಲ್ಲಿಗೆ. ಅಜ್ಜಿಯರು ಕೂತಿದ್ದಾರೆ, ನಿಮ್ಮ ಎಡಕ್ಕೆ ಬಿಳಿ ಗೋಡೆ ಇದೆ ಅಂದುಕೊಳ್ಳಿ. ಫ್ಲಾಶಿನ ತಲೆಯನ್ನು ಎಡಕ್ಕೆ ತಿರುಗಿಸಿ ಗೋಡೆಗೆ ಹೊಡೆದರೆ ಇಡೀ ಗೋಡೆಯೇ ಒಂದು ದೊಡ್ಡ ಕಿಟಕಿಯಾಗಿ ಪಕ್ಕದಿಂದ ಬೆಳಕು ಕೊಡುತ್ತೆ. ಮುಖದ ಗೆರೆಗಳು, ಸೀರೆಯ ನೆರಿಗೆ, ಮೂಗುತಿ, ಎಲ್ಲಾ ಕಾಣುತ್ತೆ. ಬಾಗಿಲ ಹೊರಗಿನಿಂದ ಹಗಲು ಬೆಳಕು ಬರುವ ದಿಕ್ಕಿಗೇ ಇದೂ ಬಂದರೆ ಫ್ಲಾಶ್ ಹಾಕಿದ್ದು ಅಂತ ಗೊತ್ತೇ ಆಗಲ್ಲ. ಈಗ ಕೆಲವರು ಗೋಡೆಗೆ ಹಸಿರು, ಗುಲಾಬಿ ಡಿಸ್ಟೆಂಪರ್ ಹೊಡೆಸಿದ್ದಾರೆ, ಅಲ್ಲಿ ಕಲರ್ ಫಿಲ್ಮ್ ಹಾಕಿದರೆ ಮುಖಕ್ಕೂ ಆ ಬಣ್ಣ ಬರುತ್ತೆ. ಕಪ್ಪುಬಿಳುಪು ಫಿಲ್ಮಿಗೆ ಆ ತಲೆನೋವೇ ಇಲ್ಲ, ಇಲ್ಫರ್ಡ್ ಎಚ್‌ಪಿ5 ಪ್ಲಸ್ 400 ಹಾಕಿ.

ಹಾಗಾಗಿ ನೀವು ನೋಡಬೇಕಾದ ಮೊದಲ ಗುಣ, ತಲೆ ಮೇಲಕ್ಕೆ ಮಾತ್ರ ಅಲ್ಲ, ಪಕ್ಕಕ್ಕೂ ತಿರುಗಬೇಕು. ವಿವಿಟಾರ್ 283, 285 ಎರಡೂ ಗಟ್ಟಿ ಫ್ಲಾಶುಗಳು, ತುಂಬಾ ಜನ ಹೊಗಳುತ್ತಾರೆ, ಆದರೆ ತಲೆ ಮೇಲೆ ಕೆಳಗೆ ಮಾತ್ರ. ಮುಚ್ಚಿಗೆ ಮನೆಗೆ ಅವು ಆಗಲ್ಲ.

ನನ್ನ ಸಲಹೆ ಗೋಡಾಕ್ಸ್ ಟಿಟಿ600. ಹೊಸದು, ವಾರಂಟಿ ಇರುತ್ತೆ, ನಾಲ್ಕು ಎಎ ಸೆಲ್, ತಲೆ ಎರಡೂ ಕಡೆ ತಿರುಗುತ್ತೆ, ನಡುವಿನ ಪಿನ್ ಒಂದರಲ್ಲೇ ಕೆಲಸ ಮಾಡೋಕೆ ಮಾಡಿದ್ದು, ಡಿಜಿಟಲ್ಲಿಗೂ ಸುರಕ್ಷಿತ. ಪೂರ್ತಿ ಮ್ಯಾನುಯಲ್, ಪವರ್ 1/1ರಿಂದ 1/128ರವರೆಗೆ ಇಳಿಸಬಹುದು. ಕೆ1000ಕ್ಕೆ ಶಟರ್ ಅರ್ಧ ಒತ್ತಿ ಫ್ಲಾಶ್ ಎಬ್ಬಿಸೋ ವ್ಯವಸ್ಥೆ ಇಲ್ಲ, ಅದಕ್ಕೇ ತಾನಾಗಿ ಮಲಗುವ ಸೆಟ್ಟಿಂಗನ್ನು ಮೆನುವಿನಲ್ಲಿ ಆಫ್ ಮಾಡಿಟ್ಟುಕೊಳ್ಳಿ. ತಂಗಿಯ ಕ್ಯಾಮೆರಾ ಇದೆ ಅಂದಿರಲ್ಲ, ಅದು ನಿಮ್ಮ ಮೀಟರ್. ಅದನ್ನು ಐಎಸ್ಒ (ಫಿಲ್ಮ್ ಸ್ಪೀಡ್) 400, ಎಫ್ 5.6, 1/60ಕ್ಕೆ ಇಟ್ಟು, ಅದೇ ಜಾಗದಿಂದ ಗೋಡೆಗೆ ಬೌನ್ಸ್ ಮಾಡಿ ಒಂದು ಹೊಡೆದು ನೋಡಿ, ಪವರ್ ಜಾಸ್ತಿ ಕಮ್ಮಿ ಮಾಡಿ ಸರಿ ಮಾಡಿಕೊಳ್ಳಿ. ಫ್ಲಾಶ್ ತೆಗೆದು ಕೆ1000ಕ್ಕೆ ಹಾಕಿ, ಅಷ್ಟೇ ಸೆಟ್ಟಿಂಗ್. ಒಂದು ಫ್ರೇಮೂ ಹಾಳಾಗಲ್ಲ.

ದುರ್ಗಿಗುಡಿ_ಸ್ಟುಡಿಯೊ

ಗೋಡೆಗೆ ಬೌನ್ಸ್ ಅನ್ನೋ ಮಾತು ಪೂರ್ತಿ ಒಪ್ಪಿದೆ. ಎಎಫ್ 280ಟಿ, ಎಸ್‌ಬಿ-28 ಎರಡರ ತಲೆಯೂ ಪಕ್ಕಕ್ಕೆ ತಿರುಗುತ್ತೆ, ಅದಕ್ಕೇ ಆ ಎರಡನ್ನೇ ಹೇಳಿದ್ದು.

ಆದರೆ ಮ್ಯಾನುಯಲ್ ಫ್ಲಾಶ್ ಒಂದನ್ನೇ ನಂಬಿಕೊಂಡು ಕಾರ್ಯದ ಮನೆಗೆ ಹೋಗೋದು ನನಗೆ ಸರಿ ಕಾಣಲ್ಲ. ಅಜ್ಜಿಯರು ಒಂದೇ ಕಡೆ ಕೂತಿದ್ದರೆ ಸರಿ. ಕಾರ್ಯದ ದಿನ ಹಾಗಿರಲ್ಲ. ಒಬ್ಬರು ಎದ್ದು ಒಳಗೆ ಹೋಗುತ್ತಾರೆ, ಇನ್ನೊಬ್ಬರು ಬಂದು ಕಾಲಿಗೆ ಬೀಳುತ್ತಾರೆ, ಮೊಮ್ಮಕ್ಕಳು ಓಡಿ ಬಂದು ತೊಡೆ ಮೇಲೆ ಕೂರುತ್ತವೆ. ನೀವು ಎರಡು ಹೆಜ್ಜೆ ಹಿಂದೆ ಸರಿದರೆ, ಗೋಡೆಯಿಂದ ಸ್ವಲ್ಪ ದೂರ ಹೋದರೆ, ಎಲ್ಲಾ ಲೆಕ್ಕ ಬದಲಾಗುತ್ತೆ. ಆಗೆಲ್ಲ ತಂಗಿಯ ಕ್ಯಾಮೆರಾ ತಂದು ಮತ್ತೆ ಅಳೆಯೋಕೆ ಆಗುತ್ತಾ? ಆಟೊ ಫ್ಲಾಶಿನಲ್ಲಿ ತಲೆ ಗೋಡೆ ಕಡೆ ತಿರುಗಿದ್ದರೂ ಕಣ್ಣು ಮಾತ್ರ ಜನರ ಕಡೆಗೇ ನೋಡುತ್ತಿರುತ್ತೆ, ಎಷ್ಟು ಬೆಳಕು ಬಂತೋ ಅದನ್ನೇ ಅಳೆಯುತ್ತೆ. ಬೌನ್ಸಿಗೆ ಅದರಷ್ಟು ನೆಮ್ಮದಿ ಬೇರೆ ಇಲ್ಲ.

ಎಸ್‌ಬಿ-28ರ ಗೈಡ್ ನಂಬರ್ (ಫ್ಲಾಶಿನ ಶಕ್ತಿಯ ಅಳತೆ) 35 ಎಂಎಂ ಜೂಮಿನಲ್ಲಿ, ಐಎಸ್ಒ 100ಕ್ಕೆ, 36 ಮೀಟರ್. ಬೌನ್ಸಿಗೆ ಇಷ್ಟು ಶಕ್ತಿ ಬೇಕು, ಗೋಡೆಗೆ ಹೋಗಿ ಬರುವಷ್ಟರಲ್ಲಿ ಎರಡು ಸ್ಟಾಪ್ ಹತ್ತಿರ ಕಮ್ಮಿಯಾಗುತ್ತೆ, ಒಂದು ಸ್ಟಾಪ್ ಕಮ್ಮಿ ಅಂದರೆ ಬೆಳಕು ಅರ್ಧ. ನಿಕಾನ್ ಹೆಸರಿದೆ ಅಂತ ಎಲ್ಲಾ ನಿಕಾನ್ ಫ್ಲಾಶ್ ಸರಿ ಅಂತಲ್ಲ. ಎಸ್‌ಬಿ-600ರಲ್ಲಿ ಈ ಕಣ್ಣಿನ ಆಟೊ ಇಲ್ಲ, ಮ್ಯಾನುಯಲ್ ಮಾತ್ರ ಸಿಗುತ್ತೆ. ಎಸ್‌ಬಿ-400ರಲ್ಲಿ ಪವರ್ ಕಮ್ಮಿ ಮಾಡೋಕೆ ಗುಂಡಿಯೇ ಇಲ್ಲ, ಅದನ್ನು ಕ್ಯಾಮೆರಾವೇ ಹೇಳಬೇಕು, ನಿಮ್ಮ ಕ್ಯಾಮೆರಾ ಹೇಳಲ್ಲ. ಅಂಗಡಿಯವರು ಕಮ್ಮಿಗೆ ಕೊಡುತ್ತೇನೆ ಅಂದರೂ ಬೇಡ.

ಸಾಗರ_ಮೇಳ

ಯಕ್ಷಗಾನದ ಬಗ್ಗೆ ನಾನು ಹೇಳುತ್ತೇನೆ. ದಯವಿಟ್ಟು ಅಲ್ಲಿ ಫ್ಲಾಶ್ ಬೇಡ.

ವೇಷಧಾರಿ ಮುಖ ನಿಮ್ಮ ಕಡೆ ತಿರುಗಿಸಿ ಕಣ್ಣರಳಿಸಿ ನಿಂತ ಹೊತ್ತಿಗೇ ನೀವು ಹೊಡೆಯೋದು. ಆ ಬೆಳಕು ನೇರ ಕಣ್ಣಿಗೆ ಬಡಿದರೆ ಒಂದು ಕ್ಷಣ ಅವರಿಗೆ ರಂಗಸ್ಥಳದ ಅಂಚೂ ಕಾಣಲ್ಲ. ಸುತ್ತು ಹಾಕುತ್ತಾ ಕುಣಿಯುವವರು, ಮೈಮೇಲೆ ಅಷ್ಟು ಭಾರದ ವೇಷ ಬೇರೆ. ಮುಂದೆ ಕೂತು ಆಟ ನೋಡುವವರಿಗೂ ತೊಂದರೆ. ಫೋಟೊಗೂ ಲಾಭ ಇಲ್ಲ, ಕಿರೀಟ, ಭುಜಕೀರ್ತಿ ಎಲ್ಲಾ ಹೊಳೆಯುವ ವಸ್ತು, ನೇರ ಫ್ಲಾಶಿಗೆ ಅವು ಬರೀ ಬಿಳಿ ಚುಕ್ಕೆಗಳಾಗಿ ಸುಟ್ಟು ಬರುತ್ತವೆ, ಬಣ್ಣಗಾರಿಕೆಯ ಸೂಕ್ಷ್ಮ ಹೋಗಿಬಿಡುತ್ತೆ.

ನಿಮ್ಮ ಹತ್ತಿರ ಎಫ್ 2 ಲೆನ್ಸ್ ಇದೆಯಲ್ಲ, ಅದು ಸಾಕು. ಈಗ ರಂಗಸ್ಥಳದಲ್ಲಿ ದೀಪ ಚೆನ್ನಾಗಿಯೇ ಇರುತ್ತೆ. ಎಚ್‌ಪಿ5 ಹಾಕಿ, ಮೀಟರನ್ನು 1600ಕ್ಕೆ ಇಟ್ಟು ತೆಗೆಯಿರಿ, ತೊಳೆಯುವವರಿಗೆ 1600ಕ್ಕೆ ಪುಶ್ ಮಾಡಿ, ಅಂದರೆ ಜಾಸ್ತಿ ಹೊತ್ತು ಡೆವಲಪ್ ಮಾಡಿ, ಅಂತ ಬರೆದು ಕಳಿಸಿ. ಇಡೀ ರೋಲು ಒಂದೇ ಸ್ಪೀಡಿನಲ್ಲಿ ತೆಗೆಯಬೇಕು, ಅರ್ಧ ಮನೇಲಿ 400ಕ್ಕೆ, ಅರ್ಧ ಆಟದಲ್ಲಿ 1600ಕ್ಕೆ ಅಂತ ಆಗಲ್ಲ. ಕುಣಿತದಲ್ಲಿ ತೆಗೆಯೋಕೆ ಹೋಗದೆ, ಮಾತಿನ ನಡುವೆ, ಪದ ಮುಗಿದು ನಿಂತ ಹೊತ್ತಲ್ಲಿ ಒತ್ತಿ. ಚೌಕಿಯಲ್ಲಿ ವೇಷ ಕಟ್ಟುವಾಗ ಕೇಳಿ ಒಪ್ಪಿಗೆ ತಗೊಂಡು ತೆಗೆದರೆ ಅಲ್ಲಿ ಒಳ್ಳೊಳ್ಳೆ ಚಿತ್ರ ಸಿಗುತ್ತವೆ.

ಇನ್ನೊಂದು ಮಾತು. ಮಂಜು, ಜಿಟಿಜಿಟಿ ಮಳೆ ಇರುವಾಗ ಹೊರಗೂ ಫ್ಲಾಶ್ ಹಾಕಬೇಡಿ. ಕ್ಯಾಮೆರಾ ಮುಂದಿರುವ ಹನಿಗಳೇ ಬೆಳಗಿ ಫೋಟೊ ತುಂಬಾ ಬಿಳಿ ಬೊಟ್ಟು.

ಹೊಸನಗರ_ರೋಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಕ್ಷಗಾನಕ್ಕೆ ಫ್ಲಾಶ್ ಆಸೆ ಬಿಟ್ಟೆ, ಸಾಗರದ ಅಣ್ಣ ಹೇಳಿದ ಹಾಗೇ ಮಾಡುತ್ತೇನೆ.

ಪಕ್ಕದೂರಿನ ಗೆಳೆಯನ ಫ್ಲಾಶ್ ತಂದು ಬಾಗಿಲು ತೆರೆದು ನೋಡಿದೆ. 60ರಲ್ಲಿ ಪೂರ್ತಿ ಆಯತ ಕಂಡಿತು, 125ರಲ್ಲಿ ಒಂದು ಪಕ್ಕ ಪರದೆ ನಿಂತಿರೋದು ಚಾಕುವಿನಲ್ಲಿ ಕೊಯ್ದಷ್ಟು ಸ್ಪಷ್ಟವಾಗಿ ಕಂಡಿತು. ಅದೇ ಫ್ಲಾಶನ್ನು ತಂಗಿಯ ಕ್ಯಾಮೆರಾಕ್ಕೆ ಹಾಕಿ ನಡುಮನೆಯಲ್ಲಿ ಮೂರು ಥರ ತೆಗೆದು ನೋಡಿದೆವು. ನೇರ ಹೊಡೆದದ್ದರಲ್ಲಿ ಅಮ್ಮನ ಹಿಂದೆ ಗೋಡೆ ಮೇಲೆ ಕರೀ ನೆರಳು, ಕನ್ನಡಕದಲ್ಲಿ ಬಿಳಿ ಹೊಳಪು. ಮುಚ್ಚಿಗೆಗೆ ಹೊಡೆದದ್ದು ಹೆಚ್ಚುಕಮ್ಮಿ ಕತ್ತಲೆ. ಗೋಡೆಗೆ ಹೊಡೆದದ್ದು ನೋಡಿ ಅಮ್ಮನೇ, ಇದು ಬಾಗಿಲ ಬೆಳಕಲ್ಲಿ ತೆಗೆದದ್ದಾ ಅಂತ ಕೇಳಿದರು. ಹಾಗಾಗಿ ತಲೆ ಪಕ್ಕಕ್ಕೆ ತಿರುಗಲೇಬೇಕು ಅನ್ನೋದು ಖಾತ್ರಿಯಾಯಿತು.

ಈಗ ಶಿವಮೊಗ್ಗದಲ್ಲೇ ಒಬ್ಬರ ಹತ್ತಿರ ಎಸ್‌ಬಿ-28 ಇದೆ, ನನ್ನ ಬಜೆಟ್ಟಿನೊಳಗೇ ಕೊಡುತ್ತಾರಂತೆ. ತುಂಬಾ ದಿನದಿಂದ ಬಳಸಿಲ್ಲ ಅಂದರು. ಹೋಗಿ ನೋಡುವಾಗ ಏನೇನು ಪರೀಕ್ಷೆ ಮಾಡಬೇಕು? ನನ್ನ ಹಳೇ ಫ್ಲಾಶನ್ನು ಬಿಚ್ಚಿ ರಿಪೇರಿ ಮಾಡಬಹುದಾ ಅಂತಲೂ ಒಂದು ಆಸೆ ಇದೆ, ದೊಡ್ಡಪ್ಪನದ್ದಲ್ವಾ.

ತೀರ್ಥಹಳ್ಳಿ_ವೈರಿಂಗ್

ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಬಿಚ್ಚಬೇಡಿ. ನಾಲ್ಕು ಸಣ್ಣ ಸೆಲ್ಲಿನ ಫ್ಲಾಶ್ ಅಂತ ಸಲೀಸಾಗಿ ನೋಡಬೇಡಿ, ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಇರುತ್ತೆ, ಸೆಲ್ ತೆಗೆದ ಮೇಲೂ ಎಷ್ಟೋ ಹೊತ್ತು ಹಾಗೇ ಉಳಿದಿರುತ್ತೆ. ನಾನು ವಿದ್ಯುತ್ ಕೆಲಸ ಮಾಡುವವನು, ಬೇರೆಯವರಿಗೆ ಇದನ್ನು ಮಾಡಿ ಅಂತ ನಾನು ಯಾವತ್ತೂ ಹೇಳಲ್ಲ. ಸದ್ದು ಬರುತ್ತೆ ಆದರೆ ದೀಪ ಹತ್ತಲ್ಲ ಅಂದರೆ ಹೆಚ್ಚಾಗಿ ಕೆಪಾಸಿಟರ್ ಕೈ ಕೊಟ್ಟಿರುತ್ತೆ. ದೊಡ್ಡಪ್ಪನ ನೆನಪಿಗೆ ಸೆಲ್ ತೆಗೆದು ಕಪಾಟಿನಲ್ಲಿ ಇಟ್ಟುಕೊಳ್ಳಿ.

ಎಸ್‌ಬಿ-28 ನೋಡೋಕೆ ಹೋಗುವಾಗ ನಿಮ್ಮದೇ ನಾಲ್ಕು ಹೊಸ ಸೆಲ್, ಮಲ್ಟಿಮೀಟರ್, ನಿಮ್ಮ ಕೆ1000, ಮೂರನ್ನೂ ತಗೊಂಡು ಹೋಗಿ. ಮೊದಲು ಸೆಲ್ ಹಾಕುವ ಬಾಗಿಲು ತೆರೆದು ಒಳಗೆ ಟಾರ್ಚ್ ಬಿಟ್ಟು ನೋಡಿ, ಬಿಳಿ ಪುಡಿ ಅಥವಾ ಹಸಿರು ಇದ್ದರೆ ಅಲ್ಲೇ ಬೆಲೆ ಮಾತಾಡಿ, ತುಂಬಾ ತಿಂದಿದ್ದರೆ ಬಿಟ್ಟು ಬನ್ನಿ. ಬಳಸದೆ ಇಟ್ಟ ಫ್ಲಾಶಿಗೆ ಮೊದಲ ಚಾರ್ಜ್ ನಿಧಾನ ಆಗುತ್ತೆ, ಅದು ತೊಂದರೆಯಲ್ಲ. ಆನ್ ಮಾಡಿ ಕೆಲವು ನಿಮಿಷ ಹಾಗೇ ಬಿಡಿ, ಕೆಪಾಸಿಟರ್ ಮತ್ತೆ ಸುಧಾರಿಸಿಕೊಳ್ಳುತ್ತೆ. ಆಮೇಲೆ ಮ್ಯಾನುಯಲ್ ಫುಲ್ ಪವರಿನಲ್ಲಿ ಬಿಟ್ಟು ಬಿಟ್ಟು ಒಂದಷ್ಟು ಸಲ ಹೊಡೆಯಿರಿ. ಪ್ರತಿ ಸಲ ತುಂಬಿಕೊಳ್ಳುವ ಹೊತ್ತು ಕಮ್ಮಿಯಾಗುತ್ತಾ ಬಂದು ಒಂದು ಕಡೆ ನಿಂತರೆ ಒಳ್ಳೇ ಲಕ್ಷಣ. ಜಾಸ್ತಿಯಾಗುತ್ತಾ ಹೋದರೆ, ಅಥವಾ ಸುಟ್ಟ ವಾಸನೆ ಬಂದರೆ ಬೇಡ.

ಆಮೇಲೆ ಕಣ್ಣಿನ ಪರೀಕ್ಷೆ. ಆಟೊಗೆ ಇಟ್ಟು, ಹತ್ತಿರದ ಗೋಡೆಗೆ ಹಿಡಿದು ಹೊಡೆಯಿರಿ, ತಕ್ಷಣ ರೆಡಿ ದೀಪ ವಾಪಸ್ ಬರಬೇಕು, ಯಾಕೆಂದರೆ ಸ್ವಲ್ಪವೇ ಖರ್ಚಾಗಿರುತ್ತೆ. ಈಗ ಆ ಕಣ್ಣಿಗೆ ಬೆರಳು ಮುಚ್ಚಿ ಹೊಡೆಯಿರಿ, ಬೆಳಕು ಜೋರಾಗಿ ಬಂದು ಮತ್ತೆ ತುಂಬೋಕೆ ಹೊತ್ತು ತಗೊಳ್ಳಬೇಕು. ಎರಡರಲ್ಲೂ ಒಂದೇ ಥರ ಆದರೆ ಕಣ್ಣು ಕೆಲಸ ಮಾಡುತ್ತಿಲ್ಲ ಅಂತ ಅರ್ಥ, ಆಗ ನೀವು ಅದಕ್ಕೆ ಆಟೊ ಫ್ಲಾಶಿನ ಬೆಲೆ ಕೊಡಬೇಕಾಗಿಲ್ಲ. ಹಿಂದಿನ ಪರದೆಯಲ್ಲಿ ಅಂಕಿಗಳೆಲ್ಲ ಪೂರ್ತಿ ಮೂಡುತ್ತವಾ, ತಲೆ ತಿರುಗಿಸಿದ ಕಡೆ ಗಟ್ಟಿಯಾಗಿ ನಿಲ್ಲುತ್ತಾ, ಇಷ್ಟು ನೋಡಿ.

ಸೆಲ್ ವಿಷಯಕ್ಕೆ ಬಂದರೆ, ಸಾಮಾನ್ಯ ಸೆಲ್ ಬಿಟ್ಟು ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಎಎ ತಗೊಳ್ಳಿ. 1.2 ವೋಲ್ಟ್ ಅಂತ ಬರೆದಿದ್ದರೂ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡುತ್ತವೆ, ಫ್ಲಾಶ್ ಬೇಗ ತುಂಬುತ್ತೆ. ಎರಡು ಸೆಟ್ ಇಟ್ಟುಕೊಳ್ಳಿ, ಒಂದು ಸೆಟ್ಟಿನದ್ದನ್ನು ಇನ್ನೊಂದರ ಜೊತೆ ಬೆರೆಸಬೇಡಿ. ಕೆಲಸ ಮುಗಿದ ದಿನವೇ ಸೆಲ್ ಹೊರಗೆ ತೆಗೆದು, ಫ್ಲಾಶ್, ಕ್ಯಾಮೆರಾ, ಲೆನ್ಸ್ ಎಲ್ಲಾ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅದು ಬಣ್ಣ ಬದಲಿಸಿದರೆ ಸಣ್ಣ ಉರಿಯಲ್ಲಿ ಬಾಣಲೆ ಮೇಲೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು, ಆ ಬಾಣಲೆ ಅಡುಗೆಗೆ ಬೇಡ.

ದುರ್ಗಿಗುಡಿ_ಸ್ಟುಡಿಯೊ

ತೀರ್ಥಹಳ್ಳಿಯವರು ಎಲ್ಲಾ ಹೇಳಿಬಿಟ್ಟರು. ಒಂದೇ ಒಂದು ಸೇರಿಸುತ್ತೇನೆ, ಇದು ಮುಚ್ಚಿಗೆ ಮನೆಯಲ್ಲಿ ಆಟೊ ಬಳಸುವವರಿಗೆ ಗೊತ್ತಿರಲೇಬೇಕು.

ಆ ಕಣ್ಣಿಗೆ ಅಜ್ಜಿ ಯಾರು, ಹಿಂದಿನ ಮರದ ಕಂಬ ಯಾವುದು ಅಂತ ಗೊತ್ತಾಗಲ್ಲ. ಎದುರಿಗಿರೋ ಎಲ್ಲದರ ಸರಾಸರಿ ತಗೊಳ್ಳುತ್ತೆ. ಹಿಂದೆ ಕಪ್ಪು ಕಂಬ, ಕಪ್ಪು ಬಾಗಿಲು, ಕತ್ತಲೆ ಕೋಣೆ ಜಾಸ್ತಿ ಇದ್ದರೆ, ಇನ್ನೂ ಸಾಲದು ಅಂದುಕೊಂಡು ಬೆಳಕು ಜಾಸ್ತಿ ಬಿಡುತ್ತೆ, ಮುಖಗಳು ತೀರಾ ಬೆಳ್ಳಗಾಗುತ್ತವೆ. ಅಂಥ ಕಡೆ ಅದು ಹೇಳಿದ ಅಪರ್ಚರಿಗಿಂತ ಒಂದು ಸ್ಟಾಪ್ ಮುಚ್ಚಿ, ಅದು 5.6 ಅಂದರೆ ನೀವು 8ಕ್ಕೆ ಇಡಿ. ಇದರ ಉಲ್ಟಾ, ಬಿಳಿ ಪಂಚೆ, ಬಿಳಿ ಶಲ್ಯ ಹೊದ್ದವರು ಫ್ರೇಮ್ ತುಂಬಾ ಇದ್ದರೆ ಒಂದು ಸ್ಟಾಪ್ ತೆರೆಯಿರಿ. ಅನುಮಾನ ಬಂದರೆ ತೆರೆದ ಕಡೆಗೇ ಹೋಗಿ, ನೆಗೆಟಿವ್ ಫಿಲ್ಮ್ ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತೆ, ಕಮ್ಮಿಯಾದರೆ ನೆರಳಲ್ಲಿ ಏನೂ ಉಳಿಯಲ್ಲ.

ಆರತಿ ಹೊತ್ತಲ್ಲಿ ದೀಪದ ಬೆಳಕೂ ಬರಲಿ ಅಂತಿದ್ದರೆ ಶಟರನ್ನು 60ರಿಂದ 15ಕ್ಕೆ ಇಳಿಸಿ, ಕಂಬಕ್ಕೆ ಒರಗಿ ಕೈ ಗಟ್ಟಿ ಮಾಡಿಕೊಂಡು ತೆಗೆಯಿರಿ. ಫ್ಲಾಶ್ ಮುಖ ನಿಲ್ಲಿಸುತ್ತೆ, ನಿಧಾನ ಶಟರ್ ದೀಪಗಳನ್ನೂ ಹಿಂದಿನ ಕೋಣೆಯನ್ನೂ ತರುತ್ತೆ. 60ಕ್ಕಿಂತ ನಿಧಾನ ಯಾವುದಾದರೂ ಸಿಂಕ್ ಆಗುತ್ತೆ, ಮೇಲೆ ಮಾತ್ರ ಹೋಗಬೇಡಿ. ಕಾರ್ಯಕ್ಕೆ ಮೊದಲು ಒಂದು ರೋಲು ಅದೇ ನಡುಮನೆಯಲ್ಲಿ, ಮನೆಯವರನ್ನೇ ಕೂರಿಸಿ ತೆಗೆದು ತೊಳೆಸಿ ನೋಡಿಬಿಡಿ. ಬೆಂಗಳೂರಿಗೆ ಕಳಿಸಿ ವಾಪಸ್ ಬರೋಕೆ ದಿನ ಹಿಡಿಯುತ್ತೆ, ಅದಕ್ಕೇ ಈಗಲೇ ಶುರು ಮಾಡಿ.

ಹೊಸನಗರ_ರೋಲು

ಶನಿವಾರ ಶಿವಮೊಗ್ಗಕ್ಕೆ ಹೋಗುತ್ತಿದ್ದೇನೆ, ಸೆಲ್, ಮೀಟರ್, ಕ್ಯಾಮೆರಾ ಎಲ್ಲಾ ಬ್ಯಾಗಿಗೆ ಹಾಕಿಟ್ಟೆ. ಎಸ್‌ಬಿ-28ರ ಕಣ್ಣು ಸರಿ ಇದ್ದರೆ ಅದು, ಇಲ್ಲದಿದ್ದರೆ ಅಲ್ಲಿಂದಲೇ ಟಿಟಿ600 ಆರ್ಡರ್ ಮಾಡುತ್ತೇನೆ. ಕೊಪ್ಪದ ಅಣ್ಣ, ಟಿಟಿ600 ತಗೊಂಡರೆ ಪವರ್ ಲೆಕ್ಕ ಸ್ವಲ್ಪ ಹೇಳಿಕೊಡಿ, ನೇರ ಹೊಡೆಯೋದಾದರೆ ಎಷ್ಟು ದೂರಕ್ಕೆ ಎಷ್ಟು ಅಂತ.

ಕೊಪ್ಪ_ಕಪ್ಪುಬಿಳುಪು

ಸುಲಭ. ಬಾಕ್ಸ್ ಮೇಲೆ ಬರೆದಿರುವ 60 ಅನ್ನೋ ಗೈಡ್ ನಂಬರ್ ಜೂಮ್ 200 ಎಂಎಂಗೆ ಇಟ್ಟಾಗಿನದು, 50 ಎಂಎಂಗೆ ಅಷ್ಟು ಬರಲ್ಲ, ಲೆಕ್ಕಕ್ಕೆ 40 ಅಂತ ಇಟ್ಟುಕೊಳ್ಳಿ. ಅದು ಐಎಸ್ಒ 100ಕ್ಕೆ. 400 ಫಿಲ್ಮಿಗೆ ಅದು ಎರಡರಷ್ಟು, 80. ಪವರ್ 1/4ಕ್ಕೆ ಇಳಿಸಿದರೆ ಅರ್ಧ, 40. ಇನ್ನೂ ಇಳಿಸಿ 1/16 ಮಾಡಿದರೆ 20. ಇದನ್ನು ಅಪರ್ಚರಿನಿಂದ ಭಾಗಿಸಿ. 1/16 ಪವರ್, ಎಫ್ 8, ಅಂದರೆ ಎರಡೂವರೆ ಮೀಟರ್. 1/4 ಪವರ್, ಎಫ್ 8, ಐದು ಮೀಟರ್. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫ್ಲಾಶಿನ ಬೆನ್ನಿಗೆ ಟೇಪ್ ಹಾಕಿ ಅಂಟಿಸಿ. ಗೋಡೆಗೆ ಬೌನ್ಸ್ ಮಾಡುವಾಗ ಫ್ಲಾಶಿಂದ ಗೋಡೆಗೆ, ಗೋಡೆಯಿಂದ ಅಜ್ಜಿಗೆ, ಎರಡೂ ದೂರ ಕೂಡಿಸಿ ಲೆಕ್ಕ ಹಾಕಿ, ಮೇಲೆ ಎರಡು ಸ್ಟಾಪ್ ಜಾಸ್ತಿ ಕೊಡಿ, ಆಮೇಲೆ ತಂಗಿಯ ಕ್ಯಾಮೆರಾದಲ್ಲಿ ಒಮ್ಮೆ ನೋಡಿ ಸರಿ ಮಾಡಿಕೊಳ್ಳಿ. ಶನಿವಾರ ಏನಾಯಿತು ಅಂತ ಇಲ್ಲೇ ಬರೆಯಿರಿ.